ಒಂದೇ ಸರಕಿಗೆ ಎರಡು ತೆರಿಗೆ ದರ ಏಕೆ?

ಮಾನ್ಯರೇ,

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಇತರ ವಿನಾಯಿತಿಗಳನ್ನು ಬಿಟ್ಟುಕೊಡುವ ದೇಶೀಯ ಕಂಪನಿಗಳ ಆದಾಯ ತೆರಿಗೆಯನ್ನು, ಮೇಲ್ತೆರಿಗೆ ಹೊರತುಪಡಿಸಿ, ಶೇ 22ಕ್ಕೆ ಇಳಿಸಿತು. ಆ ವರ್ಷದ ಅಕ್ಟೋಬರ್‌ನಿಂದೀಚೆಗೆ ನೋಂದಣಿಯಾಗಿ 2024ರ ಮಾರ್ಚ್ ಒಳಗೆ ತಯಾರಿಕೆ ಆರಂಭಿಸಿದ ಹೊಸ ಕಂಪನಿಗಳಿಗಂತೂ ದರ ಶೇ 15 ಮಾತ್ರ. ಪಾಲುದಾರಿಕೆ ಸಂಸ್ಥೆಗಳು ಮಾತ್ರ ಇಂದಿಗೂ ಶೇ 30 ಕಟ್ಟುತ್ತಿವೆ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಇಬ್ಬರು ಪಾಲುದಾರರು, ಅದೇ ಸರಕನ್ನು ತಯಾರಿಸುವ ಹೊಸ ಕಂಪನಿಗಿಂತ ಇಮ್ಮಡಿ ದರದಲ್ಲಿ ತೆರಿಗೆ ತೆತ್ತು ಅದರೊಡನೆಯೇ ಸ್ಪರ್ಧಿಸಬೇಕಾಗಿರುವುದು ಘೋರ ಅನ್ಯಾಯ. ಪಾಲುದಾರರ ಕೈಗೆ ಬರುವ ಲಾಭಕ್ಕೆ ಮತ್ತೆ ತೆರಿಗೆಯಿಲ್ಲ, ಷೇರುದಾರರ ಲಾಭಾಂಶಕ್ಕೆ ಇದೆ ಎಂಬುದು ನಿಜ. ಆದರೆ ಲಾಭವನ್ನು ಹಂಚಿಕೊಳ್ಳದೆ ಹೊಸ ಯಂತ್ರಕ್ಕೆ ತೊಡಗಿಸುವವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಎಳೆಯ ಉದ್ಯಮಕ್ಕೆ ನೆರವು ಬೇಡವೆಂಬುದು ನನ್ನ ವಾದವಲ್ಲ. ಸಾಫ್ಟ್‌ವೇರ್ ರಫ್ತಿಗೆ ಸಿಕ್ಕ ವಿನಾಯಿತಿಯಿಂದ ಬೆಂಗಳೂರಿಗೆ ಅನುಕೂಲವಾಗಿದೆ. ರಿಯಾಯಿತಿಗಳಿಂದ ಬೊಕ್ಕಸಕ್ಕೆ ತಪ್ಪುವ ವರಮಾನದ ಅಂದಾಜನ್ನು ಕೇಂದ್ರ ಬಜೆಟ್ ಪ್ರತಿವರ್ಷ ಪ್ರಕಟಿಸುತ್ತದೆ. ಅದರ ಜೊತೆಗೆ, ಪ್ರತಿಯೊಂದು ರಿಯಾಯಿತಿಯಿಂದ ಎಷ್ಟು ಉದ್ಯೋಗ ಸೃಷ್ಟಿಯಾಯಿತೆಂಬ ಲೆಕ್ಕವನ್ನೂ ಸರ್ಕಾರ ಸಂಸತ್ತಿನ ಮುಂದಿಡಬೇಕು. ಅದಕ್ಕೂ ಮೊದಲು ಪಾಲುದಾರಿಕೆ ಸಂಸ್ಥೆಗಳ ದರವನ್ನು ಶೇ 22ಕ್ಕೆ ಇಳಿಸಬೇಕು.

– ಓದುಗ, ಬೆಂಗಳೂರು