ಈ ವಾರ ಸೆಗೋವಿಯಾ ಕೇಳೋಣ

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿನಲ್ಲಿ ಆಂದ್ರೆಸ್ ಸೆಗೋವಿಯಾ ಅವರ ಗಿಟಾರ್ ಮಾತ್ರ ಕೇಳೋಣ. ಬೇರೆಯವರ ಲಿಂಕ್‌ಗಳನ್ನು ದಯವಿಟ್ಟು ಮುಂದಿನ ವಾರ ಹಾಕಿ.

ಸೆಗೋವಿಯಾ 1893ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ಗ್ರಾನಡಾದಲ್ಲಿ ಮೊದಲ ಕಛೇರಿ ಕೊಟ್ಟರು. ತೊಂಬತ್ತು ದಾಟಿದ ಮೇಲೂ ವೇದಿಕೆ ಬಿಡಲಿಲ್ಲ. 1987ರಲ್ಲಿ ತೀರಿಕೊಳ್ಳುವ ತನಕ ಮುಕ್ಕಾಲು ಶತಮಾನಕ್ಕೂ ಜಾಸ್ತಿ ಒಂದೇ ವಾದ್ಯದ ಜೊತೆ ಬದುಕಿದರು. ಅದೂ ಹೆಚ್ಚಾಗಿ ತಾವೇ ಕಲಿತ ವಿದ್ಯೆ!

ಆಗ ಗಿಟಾರ್ ಅಂದ್ರೆ ಹೋಟೆಲು, ಬೀದಿಯ ಹಾಡಿಗೆ ಸರಿ, ದೊಡ್ಡ ಸಭಾಂಗಣಕ್ಕೆ ಅಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಸೆಗೋವಿಯಾ ಸುಮ್ನೆ ವಾದ ಮಾಡುತ್ತಾ ಕೂರಲಿಲ್ಲ, ನುಡಿಸಿ ತೋರಿಸಿದರು. ಜರ್ಮನ್ ಸಂಗೀತ ರಚನೆಕಾರ ಬಾಖ್ ಅವರು ಒಂಟಿ ಪಿಟೀಲಿಗೆ ಬರೆದ ಶಕೋನ್ ಎಂಬ ಕೃತಿಯನ್ನು 1935ರಲ್ಲಿ ಪ್ಯಾರಿಸ್ಸಿನಲ್ಲಿ ಗಿಟಾರ್ ಮೇಲೆ ನುಡಿಸಿದರು. ಪೊನ್ಸೆ, ತುರಿನಾ, ರೊದ್ರಿಗೊ ಮುಂತಾದ ಸಂಗೀತ ರಚನೆಕಾರರು ಅವರಿಗಾಗಿಯೇ ಹೊಸ ಕೃತಿಗಳನ್ನು ಬರೆದರು. ನಾವಿಂದು ಬಳಸುವ ನೈಲಾನ್ ತಂತಿಯ ಹಿಂದೆಯೂ ಅವರಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ, ಅಲ್ಲಿಯವರೆಗೆ ಗಿಟಾರಿಗೆ ಹಾಕುತ್ತಿದ್ದ ಪ್ರಾಣಿಗಳ ಕರುಳಿನ ತಂತಿ ಸಿಗುವುದೇ ಕಷ್ಟವಾಯಿತು. ಆಗ ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಅಗಸ್ಟೀನ್ ನೈಲಾನ್ ತಂತಿ ಮಾಡಿದರು, ಅಗಸ್ಟೀನ್ ಅವರ ಬೆನ್ನಿಗೆ ಸೆಗೋವಿಯಾ ನಿಂತರು.

ಅವರ ವೇಗಕ್ಕಿಂತ ನಾದವೇ ನನಗೆ ಹೆಚ್ಚು ಇಷ್ಟ. ಒಂದೇ ಸ್ವರವನ್ನು ಬೇರೆ ಬೇರೆ ತಂತಿಯಲ್ಲಿ ಹಿಡಿದು ಬಣ್ಣ ಬದಲಿಸುತ್ತಾರೆ, ಗಮನಿಸಿದ್ದೀರಾ? ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಹಳೆಯ ಧ್ವನಿಮುದ್ರಣ ಒಂದು, ಇಳಿವಯಸ್ಸಿನದು ಒಂದು, ಎರಡೂ ಇರಲಿ. ಶನಿವಾರದೊಳಗೆ ನಿಮ್ಮ ಅನಿಸಿಕೆಯನ್ನು ಬರೆದೋ ಧ್ವನಿ ಸಂದೇಶದಲ್ಲೋ ಇಲ್ಲಿ ಹಾಕಿ.