ರಂಗಾಚಾರ್ಲು ಯಾರೆಂದು ಟೌನ್‌ಹಾಲ್ ಗೇಟಿನಲ್ಲೇ ತಿಳಿಯಲಿ

ಮಾನ್ಯ ಸಂಪಾದಕರೆ,

ಮೈಸೂರಿನ ಟೌನ್‌ಹಾಲ್‌ಗೆ ಹತ್ತಿರದಲ್ಲೇ ನಮ್ಮದೊಂದು ಚಿಕ್ಕ ಸ್ಟೇಷನರಿ ಅಂಗಡಿ ಇದೆ. ದಸರಾ ಬಂತೆಂದರೆ ಶಾಲೆ ಮಕ್ಕಳು ಪಾರಂಪರಿಕ ಕಟ್ಟಡಗಳ ಪ್ರಾಜೆಕ್ಟ್‌ಗೆಂದು ಚಾರ್ಟ್ ಪೇಪರ್, ಗಮ್, ಚಿತ್ರ ಕೇಳಿಕೊಂಡು ಬರುತ್ತಾರೆ. ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ ಬಗ್ಗೆ ಅವರಿಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮೊನ್ನೆ ಒಬ್ಬ ಹುಡುಗ ಟೌನ್‌ಹಾಲ್ ಚಿತ್ರ ತೋರಿಸಿ, "ಆಂಟಿ, ರಂಗಾಚಾರ್ಲು ಅಂದ್ರೆ ಯಾವ ರಾಜರು?" ಎಂದು ಕೇಳಿದ. ಜೊತೆಗೆ ಬಂದಿದ್ದ ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಈ ಪತ್ರ ಬರೆಯಬೇಕು ಅನ್ನಿಸಿದ್ದು ಆಗಲೇ.

ಸುತ್ತ ಒಮ್ಮೆ ನೋಡಿ. ಚಾಮರಾಜ ವೃತ್ತ, ಕೆ.ಆರ್. ವೃತ್ತ ಎರಡರಲ್ಲೂ ಮಹಾರಾಜರ ಪ್ರತಿಮೆಗಳು. ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ ಬಂದದ್ದರ ನೆನಪಿಗೆ. ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಇನ್ನೊಬ್ಬ ವೈಸರಾಯ್ ಹೆಸರು. ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದದ್ದು. ಅದರ ಅಂಕಿಗಳು ಕನ್ನಡದವು, ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಇವುಗಳ ನಡುವೆ 1884ರ ಟೌನ್‌ಹಾಲ್ ಇದೆ. ಕಿರೀಟವೂ ಇಲ್ಲದ, ವೈಸರಾಯ್ ಪದವಿಯೂ ಇಲ್ಲದ ಒಬ್ಬ ದಿವಾನರ, ಅಂದರೆ ಆ ಹುಡುಗ ಕೇಳಿದ ರಂಗಾಚಾರ್ಲು ಅವರ ಸ್ಮಾರಕ ಅದು.

ಸಿ. ರಂಗಾಚಾರ್ಲು ದಿವಾನರಾಗಿದ್ದದ್ದು ಎರಡು ವರ್ಷವೂ ಇಲ್ಲ. ಐವತ್ತು ವರ್ಷದ ಬ್ರಿಟಿಷ್ ಆಡಳಿತ ಮುಗಿದು 1881ರ ಮಾರ್ಚ್‌ನಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ ಬಂತು. ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಆಗ ಹದಿನೆಂಟು ವರ್ಷ. ಭೀಕರ ಬರ ಬಂದು ಹೋಗಿ ಮೂರು ವರ್ಷವಾಗಿತ್ತು ಅಷ್ಟೆ. ಅಂಥ ಹೊತ್ತಿನಲ್ಲಿ, ಅದೇ ವರ್ಷದ ಅಕ್ಟೋಬರ್ 7ರಂದು, ದಸರಾ ಮುಗಿಯುತ್ತಿದ್ದಂತೆ ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದ 144 ಮಂದಿ ಮೈಸೂರಿನಲ್ಲಿ ಸೇರಿದರು. ಸರ್ಕಾರದ ಜಮಾ-ಖರ್ಚನ್ನು ದಿವಾನರು ಅವರ ಮುಂದೆ ಇಟ್ಟರು. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಹಾಗೆ. ನಿಜ, ಬಂದವರೆಲ್ಲ ಜಮೀನುದಾರರು, ವ್ಯಾಪಾರಿಗಳು. ಅವರನ್ನು ಯಾರೂ ವೋಟು ಹಾಕಿ ಆರಿಸಿರಲಿಲ್ಲ. ಕಾನೂನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಆದರೂ ಆಳುವವರು ತಾವಾಗಿಯೇ ಪ್ರಜೆಗಳನ್ನು ಕೂರಿಸಿಕೊಂಡು ಲೆಕ್ಕ ಹೇಳಿದರಲ್ಲ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಸಭೆ ಮಾತ್ರ ಅವರ ನಂತರವೂ ದಶಕಗಟ್ಟಲೆ ನಡೆಯಿತು.

ನಮ್ಮೂರಿನಲ್ಲಿ ಹಳೇ ಕಟ್ಟಡಗಳ ಮಾತು ಬಂದರೆ ಗೋಡೆ, ಗಾರೆಗಳ ಚರ್ಚೆಯೇ ಜಾಸ್ತಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜೀವ ಹೋದ ಮೇಲೆ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದ ಮೇಲೆ ಆ ಚರ್ಚೆ ಬೇಕೇ ಬೇಕು. ಆದರೆ ಗಟ್ಟಿಯಾಗಿ ನಿಂತಿರುವ ಕಟ್ಟಡ ಯಾಕೆ ಎದ್ದಿತು ಅನ್ನುವುದನ್ನೂ ಹೇಳಬೇಕಲ್ವಾ? ಟೌನ್‌ಹಾಲ್ ಅಂದರೆ ಈಗ ನಮಗೆ ನಾಟಕ, ಸನ್ಮಾನ, ಪ್ರತಿಭಟನೆ ನಡೆಯುವ ಜಾಗ, ಗಾಡಿ ನಿಲ್ಲಿಸುವ ತಾಣ. ಎದುರಿಗೆ ಸಂವಿಧಾನ ಕೊಟ್ಟ ಅಂಬೇಡ್ಕರ್ ಅವರ ಪ್ರತಿಮೆಯೂ ಇದೆ. ಪ್ರಜೆಗಳ ಮಾತಿಗೆ ಬೆಲೆ ಬಂದ ಕಥೆ ಮಕ್ಕಳಿಗೆ ಹೇಳಲು ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆ ಜಾಗ ನನಗಂತೂ ಗೊತ್ತಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಗೇಟಿನ ಹತ್ತಿರ, ರಸ್ತೆಯಲ್ಲಿ ನಡೆದು ಹೋಗುವವರಿಗೂ ಕಾಣುವ ಹಾಗೆ, ಈ ಕಥೆಯನ್ನು ಸರಳ ಕನ್ನಡದಲ್ಲಿ ಬರೆದ ಫಲಕ ಹಾಕಲಿ. ಅದರ ಮೇಲೆ ಫ್ಲೆಕ್ಸ್ ಕಟ್ಟದಂತೆ ನೋಡಿಕೊಳ್ಳಲಿ. ವರ್ಷವರ್ಷ ಅಕ್ಟೋಬರ್ 7ರಂದು ಸಭಾಂಗಣವನ್ನು ಬೇರೆ ಯಾರಿಗೂ ಬಾಡಿಗೆಗೆ ಕೊಡದೆ ಶಾಲೆ ಮಕ್ಕಳಿಗೆ ಬಿಟ್ಟುಕೊಡಲಿ. ಊರಿನ ಅಧಿಕಾರಿಗಳು ಅವತ್ತು ವೇದಿಕೆ ಮೇಲೆ ಕೂತು, ನೀರು, ರಸ್ತೆ, ಕಸದ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಲಿ. ದಸರಾ ಕಾರ್ಯಕ್ರಮಗಳ ಪಟ್ಟಿ ಅಚ್ಚಾಗುವ ಮೊದಲೇ ಇದನ್ನು ತೀರ್ಮಾನಿಸಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಓದುಗಳು,
ಅಶೋಕ ರಸ್ತೆ, ಮೈಸೂರು