ಬೀಜದ ಜೋಳ ಹಗೇವಿಗೆ ಹಾಕಬ್ಯಾಡ ತಮ್ಮಾ

ತಮ್ಮಾ,

ನೀ ಬೆಂಗಳೂರು ಮುಟ್ಟಿದ ಸುದ್ದಿ ನಿಮ್ಮವ್ವ ಹೇಳಿದ್ಲು, ಸಮಾಧಾನ ಆತು. ಫೋನ್ ಮಾಡಬಹುದಿತ್ತು, ಆದ್ರ ಫೋನ್‌ನಾಗ ನೀ ಹೂಂ ದೊಡ್ಡವ್ವ ಹೂಂ ದೊಡ್ಡವ್ವ ಅನ್ಕೋತ ಆಫೀಸ್ ಕೆಲಸಾನೂ ಮಾಡ್ತಿರ್ತಿ, ಅದಕ್ಕ ಟೈಪ್ ಮಾಡಿ ಕಳಸಾಕತ್ತೀನಿ. ರಾತ್ರಿ ಉಂಡು ಕುಂತು ಪೂರ್ತಿ ಓದು.

ಗವಿಮಠದ ಜಾತ್ರಿಗೆ ಬಂದಾಗ ನಮ್ಮ ಅಂಗಡಿಯಾಗ ಆಧಾರ್ ಪ್ರಿಂಟ್ ಬೇಕು ಅಂತ ಒಂದು ಲಿಂಕ್ ಕಳಿಸಿದ್ದಿ ನೆನಪೈತಿಲ್ಲೋ? ನಾ ಅಂಗಡಿ ಕಂಪ್ಯೂಟರ್‌ನಾಗ ಅದನ್ನ ಒತ್ತಿದ್ರ ಪಾಸ್‌ವರ್ಡ್ ಕೇಳ್ಲಿಲ್ಲ, ನೀ ಯಾರು ಅಂತ ಕೇಳ್ಲಿಲ್ಲ, ಇಡೀ ಫೋಲ್ಡರ್ ತೆರಕೊಂಡ್ತು. ನಿನ್ನ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ನಿಮ್ಮಪ್ಪನ ಹೊಲದ ಪಹಣಿ, ಬಿಳಿ ಹಾಳಿ ಮ್ಯಾಲೆ ಬರೇ ಸಹಿ ಮಾಡಿ ಸ್ಕ್ಯಾನ್ ಮಾಡಿದ್ದು, ಮ್ಯಾಲೆ "ಪಾಸ್‌ವರ್ಡ್ಸ್" ಅಂತ ಹೆಸರಿಟ್ಟ ಒಂದು ಫೈಲ್ ಬ್ಯಾರೆ. ಕೇಳಿದ್ರ "ಎಲ್ಲಾ ಕ್ಲೌಡ್‌ನಾಗ ಐತಿ ದೊಡ್ಡವ್ವ, ಸೇಫ್ ಐತಿ" ಅಂದಿ. ಜಾತ್ರಿ ಗಿರಾಕಿ ನಿಂತಿದ್ರು, ಸುಮ್ಮನಾದೆ. ಅವತ್ತಿನಿಂದ ನನಗ ಅದ ತಲಿಯಾಗ ಕೊರಿಯಾಕತ್ತೈತಿ. ಆ ಲಿಂಕ್ ರೂಮ್ ಓನರ್‌ಗೆ ಕಳಿಸಿರ್ತಿ, ಕೆಲಸಕ್ಕ ಸೇರುವಾಗ ಯಾರಿಗೋ ಕಳಿಸಿರ್ತಿ, ಅವರು ಇನ್ಯಾರಿಗೋ ಫಾರ್ವರ್ಡ್ ಮಾಡಿರ್ತಾರ. "ಲಿಂಕ್ ಇದ್ದೋರು ಯಾರಾದ್ರೂ ನೋಡಬಹುದು" ಅಂದ್ರ ಖರೇನ ಯಾರಾದ್ರೂ ತಮ್ಮಾ. ಈ ಪತ್ರ ಓದಿ ಮುಗಿಸೋದ್ರೊಳಗ ಮೊದಲು ಅದನ್ನ ಬಂದ್ ಮಾಡು, ಆಧಾರ್ ಕೊಡಬೇಕಾದಲ್ಲಿ ಕಡೀ 4 ಅಂಕಿ ಅಷ್ಟ ಕಾಣೋ ಮಾಸ್ಕ್ಡ್ ಆಧಾರ್ ಕೊಡು.

ನಮ್ಮಪ್ಪನ ಮನಿ ಮುಂದ ಹಗೇವು ಇತ್ತು, ನೀ ನೋಡಿಲ್ಲ, ನೀ ಹುಟ್ಟೋದ್ರೊಳಗ ಮುಚ್ಚಿಸಿದ್ರು. ನೆಲದಾಗ ತೋಡಿದ ಗುಂಡಿ, ಒಳಗ ಸುತ್ತಲೂ ಹುಲ್ಲು ಕಟ್ಟಿ ಚೀಲಗಟ್ಲೆ ಜೋಳ ತುಂಬಿ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತತಿದ್ರು. ಹಗೇವು ಇಲ್ಲದೋರು ನಮ್ಮ ಹಗೇವಿನಾಗ ತಮ್ಮ ಜೋಳ ಇಡತಿದ್ರು, ನಂಬಿಗಿ ಮ್ಯಾಲೆ. ಆದ್ರ ಅಪ್ಪ ಬೀಜದ ಜೋಳ ಮಾತ್ರ ಯಾವತ್ತೂ ಹಗೇವಿಗೆ ಹಾಕ್ಲಿಲ್ಲ, ನಮ್ಮದೇ ಹಗೇವಿದ್ರೂ ಹಾಕ್ಲಿಲ್ಲ. ಬ್ಯಾರೆ ಗಡಿಗಿಯಾಗ ಬೂದಿ ಕಲಿಸಿ ಬೇವಿನ ತಪ್ಪಲ ಹಾಕಿ ಅಡಗಿ ಮನಿಯಾಗ ಇಡತಿದ್ದ. ತಿನ್ನೋ ಜೋಳ ಹೋದ್ರ ಕಡ ತರಬಹುದು, ಬೀಜ ಹೋದ್ರ ಏನು ಬಿತ್ತೋದು ಅಂತಿದ್ದ. ಈ ಕ್ಲೌಡ್, ಆನ್‌ಲೈನ್ ಸ್ಟೋರೇಜ್ ಅಂದ್ರ ಮಂದಿ ಹಗೇವು. ಇಡಬ್ಯಾಡ ಅನ್ನೋದಿಲ್ಲ ನಾ, ಅಂಗಡಿ ಬಿಲ್ಲೆಲ್ಲಾ ನಾನೂ ಅಲ್ಲೇ ಇಡ್ತೀನಿ. ಆದ್ರ ನಿನ್ನ ಬೀಜ ಯಾವುದು ಅಂತ ಮೊದಲು ಆರಿಸ್ಕೋ.

ನಿಮ್ಮ ದೊಡ್ಡಪ್ಪನ ವಿಷಯ ನಾ ಯಾರಿಗೂ ಪೂರ್ತಿ ಹೇಳಿಲ್ಲ. ಅವರ ಫೋನ್ ಆಸ್ಪತ್ರಿ ಓಡಾಟದಾಗ ನೀರಿಗೆ ಬಿದ್ದು ಹಾಳಾತು, ಹೋಗ್ಲಿ ಎಲ್ಲಾ ಆನ್‌ಲೈನ್‌ನಾಗ ಸೇವ್ ಆಗೇತಿ ಅಂತ ಅವರೇ ಅಂದಿದ್ರು. ಅವರು ಹೋದ ಮ್ಯಾಲೆ ನನಗ ಯಾವುದರ ಮ್ಯಾಲೂ ಖಬರ್ ಇರಲಿಲ್ಲ, ಅವರ ಸಿಮ್‌ಗೆ ರೀಚಾರ್ಜ್ ಮಾಡಿಸೋದು ಯಾರಿಗೆ ನೆನಪಿರತೈತಿ? ಮೂರು ತಿಂಗಳು ಬಳಸದೆ ಬಿಟ್ರ ಕಂಪನಿ ನಂಬರ್ ಬಂದ್ ಮಾಡಬಹುದು, ಆಮ್ಯಾಲೆ ಬ್ಯಾರೆಯವರಿಗೆ ಕೊಡಬಹುದು. ವರ್ಷದ ಪೂಜಿ ಮುಂದ ಫೋಟೋ ಬೇಕಾದಾಗ ಲಾಗಿನ್ ಮಾಡಾಕ ಹೋದೆ, ಪಾಸ್‌ವರ್ಡ್ ಡೈರಿಯಾಗ ಸಿಕ್ತು, ಹಾಕಿದೆ, ಸರಿ ಇತ್ತು. ಆಮ್ಯಾಲೆ ಓಟಿಪಿ ಕೇಳ್ತು. ಆ ನಂಬರಿಗೆ ಫೋನ್ ಹಚ್ಚಿದ್ರ ಯಾರೋ ಹುಡುಗ ಎತ್ತಿ "ಯಾರ್ರೀ" ಅಂದ. ಅವರ ನಂಬರಿನಿಂದ ಬ್ಯಾರೆ ದನಿ ಕೇಳಿದ್ದು ಅವತ್ತೇ ಮೊದಲು, ಏನೂ ಮಾತಾಡದೆ ಇಟ್ಟುಬಿಟ್ಟೆ. ಫೋಟೋ ಇಟ್ಟ ಕಂಪನಿಗೆ ಪತ್ರ ಬರದೆ, ಮರಣ ಪತ್ರ ಕಳಿಸಿದೆ, ಹೆಂಡ್ತಿ ಅಂತ ದಾಖಲಿ ಕಳಿಸಿದೆ, ಪ್ರತಿ ಸಲ ತೆಗಿಯಾಕ ಬರೋದಿಲ್ಲ ಅಂತ ಒಂದೇ ನಮೂನಿ ಉತ್ತರ ಬಂತು. ಅವರು ಸುಳ್ಳು ಹೇಳ್ಲಿಲ್ಲ ತಮ್ಮಾ, ಕಳ್ಳರು ಬರಬಾರದು ಅಂತ ಹಾಕಿದ ಕೀಲಿ ಅದು, ಆದ್ರ ನನಗೂ ತೆಗೀಲಿಲ್ಲ. ಫೋಟೋ ಎಲ್ಲಾ ಅಲ್ಲೇ ಅದಾವು, ಇಲ್ಲಾ ಅಳಿಸ್ಯಾರೋ ಏನೋ.

ಹಂಗಾಗಿ ನನಗ ಕಳುವಿನಷ್ಟ ಹೆದರಿಕಿ ಈ ಬಾಗಿಲು ಮುಚ್ಚಿಕೊಳ್ಳೋದ್ರದೂ ಐತಿ. ಕಳುವೂ ಆಗ್ಯಾವು, ಇಲ್ಲ ಅನ್ನಂಗಿಲ್ಲ. ಫೈಲ್ ಇಡೋ ಡ್ರಾಪ್‌ಬಾಕ್ಸ್ ಅನ್ನೋ ಕ್ಲೌಡ್‌ನಾಗ 2011ರ ಜೂನ್‌ನಾಗ ಒಂದು ಅಪ್ಡೇಟ್ ತಪ್ಪಿ ಸುಮಾರು 4 ತಾಸು ಯಾವ ಪಾಸ್‌ವರ್ಡ್ ಹಾಕಿದ್ರೂ ಅಕೌಂಟ್ ತೆರಕೊಳ್ತಿತ್ತು. ಮರುವರ್ಷ ಅಲ್ಲಿ ಕೆಲಸ ಮಾಡೋರೊಬ್ಬರು ಒಂದೇ ಪಾಸ್‌ವರ್ಡ್ ಎರಡು ಕಡೆ ಇಟ್ಟಿದ್ದಕ್ಕ ಕಳ್ಳರು ಒಳಗ ಹೊಕ್ಕು 6 ಕೋಟಿ 80 ಲಕ್ಷಕ್ಕೂ ಹೆಚ್ಚು ಮಂದಿ ಇಮೇಲ್ ಮತ್ತ ಗೂಢ ಮಾಡಿಟ್ಟ ಪಾಸ್‌ವರ್ಡ್ ಒಯ್ದಿದ್ರು, ಎಷ್ಟು ಮಂದೀದು ಅನ್ನೋದು ಗೊತ್ತಾಗಿದ್ದು 2016ರಾಗ. ಮೆಗಾಅಪ್‌ಲೋಡ್ ಅಂತ ಒಂದಿತ್ತು, 2012ರ ಜನವರಿಯಾಗ ಅಮೆರಿಕ ಸರ್ಕಾರ ಕೇಸ್ ಹಾಕಿ ಬಂದ್ ಮಾಡಿಸ್ತು, ಕದ್ದ ಸಿನಿಮಾ ಇಟ್ಟೋರ ಸಂಗಟ ತಮ್ಮ ಸ್ವಂತ ಫೈಲ್ ಇಟ್ಟ ಪಾಪದ ಮಂದೀದೂ ಹೋತು. ಗೂಗಲ್‌ನವರು 2 ವರ್ಷ ಮುಟ್ಟದ ಅಕೌಂಟ್ ಅಳಿಸಬಹುದು ಅಂತ ನೇಮ ಮಾಡ್ಯಾರ, 2023ರ ಡಿಸೆಂಬರ್‌ನಿಂದ ಜಾರಿ ಐತಿ. ಜಿಮೇಲ್, ಡ್ರೈವ್, ಫೋಟೋ ಎಲ್ಲಾ ಕೂಡಿ ಬಿಟ್ಟಿ ಕೊಡೋದು 15 ಜಿಬಿ, ಈಗ ಆಂಡ್ರಾಯ್ಡ್‌ನಾಗ ವಾಟ್ಸಾಪ್ ಬ್ಯಾಕಪ್ಪೂ ಅದರಾಗ ಲೆಕ್ಕ, ತುಂಬಿತು ಅಂದ್ರ ಮುಂದಿಂದು ಸೇವ್ ಆಗೋದಿಲ್ಲ, ಅದು ಆಗಿಲ್ಲ ಅಂತ ನಮಗ ಗೊತ್ತಾಗಾಕ ಎಷ್ಟೋ ದಿನ ಬೇಕು.

ಮತ್ತೊಂದು, ಅಂಗಡಿಯಾಗ ದಿನಾ ನೋಡೋದು: ಫೋನ್‌ನಾಗ ಜಾಗ ಇಲ್ಲ ಅಂತ ಗ್ಯಾಲರಿಯಾಗಿನ ಫೋಟೋ ಅಳಿಸ್ತಾರ, ಕ್ಲೌಡ್‌ನಾಗ ಐತೆಲ್ಲ ಅಂತ. ಸಿಂಕ್ ಇದ್ರ ಅಲ್ಲೂ ಅಳಿಸಿ ಹೋಗತೈತಿ, ಕಸದ ಬುಟ್ಟಿಯಾಗ ಸ್ವಲ್ಪ ದಿನ ಇದ್ದು ಆಮ್ಯಾಲೆ ಪೂರಾ ಹೋತು. ಸಿಂಕ್ ಅಂದ್ರ ಕನ್ನಡಿ, ಇಲ್ಲಿ ಇಲ್ಲದ್ದು ಅಲ್ಲೂ ಇರೋದಿಲ್ಲ.

ಈಗ ನಿನ್ನ ಕೆಲಸ. ಒಂದು ಹಾರ್ಡ್ ಡಿಸ್ಕ್ ತಗೋ, ಬೀಜದ ಫೈಲ್ ಅದಕ್ಕ ಹಾಕಿ ನಿಮ್ಮವ್ವನ ಟ್ರಂಕಿನಾಗ ಇಡು, ನಿನ್ನ ರೂಮಿನಾಗ ಬ್ಯಾಡ, ಲ್ಯಾಪ್‌ಟಾಪ್ ಕದ್ದೋನು ಡಿಸ್ಕೂ ಒಯ್ತಾನ. ಆಧಾರ್ ಪ್ಯಾನ್‌ನಂಥವು ಕ್ಲೌಡ್‌ನಾಗ ಇಡಬೇಕೇ ಅಂದ್ರ ಫೈಲಿಗೆ ಕೀಲಿ ಹಾಕೋ ಕ್ರಿಪ್ಟೊಮೇಟರ್‌ನಂಥ ಆ್ಯಪ್‌ನಾಗ ನೀನೇ ಕೀಲಿ ಹಾಕಿ ಇಡು. ಸುಮ್ಮನೆ ಇಟ್ಟದ್ದಕ್ಕ ಕಂಪನಿ ಕೀಲಿ ಹಾಕೋದು ಖರೆ, ಕೀಲಿಕೈಯೂ ಅವರ ಹತ್ರಾನ ಇರತೈತಿ. ಆದ್ರ ನಿನ್ನ ಕೀಲಿ ನೀ ಮರತ್ರ ದೇವರು ಬಂದ್ರೂ ತೆಗಿಯಾಕ ಆಗೋದಿಲ್ಲ, ಕಾಗದದ ಮ್ಯಾಲೆ ಬರಿ. ಎರಡನೇ ಹಂತದ ಲಾಗಿನ್‌ಗೆ ಓಟಿಪಿ ಬದಲಿ ಹಾಕೋ ಬ್ಯಾಕಪ್ ಕೋಡ್ ಕೊಡ್ತಾರಲ್ಲ, ಪ್ರಿಂಟ್ ತಗೊಂಡು ಅದನ್ನೂ ಟ್ರಂಕಿಗೆ ಹಾಕು, ಬರೇ ಸಿಮ್ ನಂಬಬ್ಯಾಡ. ಗೂಗಲ್‌ನಾಗ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಐತಿ, ಬಹಳ ದಿನ ಬಳಸದಿದ್ರ ಯಾರಿಗೆ ಕೊಡಬೇಕು ಅಂತ ಬರಿಸ್ಕೊಂತೈತಿ, ನಿಮ್ಮವ್ವನ ಹೆಸರು ಹಾಕು. ಕೆಟ್ಟ ಶಕುನ ಅನ್ಕೋಬ್ಯಾಡ, ನಾ ನಂದ್ರಾಗ ನಿನ್ನ ಹೆಸರು ಹಾಕೀನಿ.

ಹಗೇವು ತೆಗದ ಕೂಡ್ಲೆ ಯಾರೂ ಒಳಗ ಇಳೀತಿರಲಿಲ್ಲ, ದೀಪ ಇಳಿಬಿಟ್ಟು ನೋಡ್ತಿದ್ರು, ದೀಪ ಆರಿದ್ರ ಒಳಗ ಗಾಳಿ ಕೆಟ್ಟೈತಿ ಅಂತ ಲೆಕ್ಕ. ಹಂಗ ನೀನೂ ವರ್ಷಕ್ಕೊಮ್ಮೆ ಡಿಸ್ಕ್ ಹಚ್ಚಿ ನಾಕು ಫೈಲ್ ತೆಗದು ನೋಡು, ತೆರಕೊಂತಾವಿಲ್ಲೋ ಅಂತ. ಜಾತ್ರಿಗೆ ಬಂದಾಗ ಮಾಡಿದ್ರ ನೆನಪೂ ಇರತೈತಿ.

ಇನ್ನೊಂದು ಮಾತು ಕೇಳಬೇಕಿತ್ತು. ನೀ ಪಿಯುಸಿ ಇದ್ದಾಗ ತೇರಿನ ದಿನ ದೊಡ್ಡಪ್ಪ ಮಿರ್ಚಿ ಭಜಿ ಹಿಡ್ಕೊಂಡು ನಿನ್ನ ಕೂಡ ಏನೋ ಮಾತಾಡೋದು ವಿಡಿಯೋ ಮಾಡಿದ್ದಿ, ನಿಮ್ಮವ್ವ ಹೇಳ್ತಾಳ. ನಿನ್ನ ಹಳೇ ಫೋನ್‌ನಾಗ ಹುಡುಕು. ಸಿಕ್ರ ಲಿಂಕ್ ಕಳಿಸಬ್ಯಾಡ, ಫೈಲ್ ಕಳ್ಸು.

ನಿನ್ನ ದೊಡ್ಡವ್ವ, ಕೊಪ್ಪಳ